ಇಂಡಿಯಿಂದ ಸಿಂದಗಿಗೆ ಒಂದು ಜಲಾಂತರ್ಗಾಮಿ

ವಿಜಯಪುರ ಜಿಲ್ಲೆಯ ಇಂಡಿ ಹೆಸರಾದದ್ದು ನಿಂಬೆಹಣ್ಣಿಗೇ ಹೊರತು ನೌಕಾನಿರ್ಮಾಣಕ್ಕಲ್ಲ. ಇಲ್ಲಿಂದ ಕಡಲು 250 ಕಿಲೊಮೀಟರಿಗೂ ಮಿಗಿಲಾದ ದೂರ. ಹೀಗಿರಲು, ಕಳೆದ ವರುಷ ನನ್ನ ಬಾಡಿಗೆಯ ಮನೆಯ ಪಡಸಾಲೆಯಲ್ಲಿ ಜಲಾಂತರ್ಗಾಮಿಯೊಂದು ಸಿದ್ಧವಾಯಿತೆಂದರೆ ವಾಚಕರು ನಗಬಹುದು. ಕಾಲೇಜಿನಲ್ಲಿ ಹಳಗನ್ನಡ ಕಾವ್ಯ ಪಾಠ ಹೇಳುವ ನನಗೂ ಅದಕ್ಕೂ ಎತ್ತಣ ನಂಟು? ಆ ನಂಟಿಗೆ ಕಾರಣಳಾದವಳು ಒಬ್ಬ ತಾಯಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಂದಗಿ ತಾಲೂಕಿನ ಹಳ್ಳಿಯವನು. ನೌಕಾಪಡೆಯನ್ನು ಸೇರಿ ಜಲಾಂತರ್ಗಾಮಿಯಲ್ಲಿ ಕೆಲಸಕ್ಕೆ ನಿಂತ. ವಾರಗಟ್ಟಲೆ ಅವನಿಂದ ಸುದ್ದಿ ಬಾರದು. ಎಲ್ಲಿರುವೆನೆಂದು ಹೇಳುವಂತೆಯೂ ಇಲ್ಲ. ಅವನ ತಾಯಿ ಒಂದು ದಿನ ಸಂತೆಯಲ್ಲಿ ನನ್ನನ್ನು ತಡೆದು ಕೇಳಿದಳು: "ಸರ್ರ, ನನ್ನ ಮಗಾ ನೀರಾಗ ಮುಳುಗಿ ಕೂಡ್ತಾನಂತ. ಹ್ಯಾಂಗ ಕೂಡ್ತಾನ, ನಿಮಗರೆ ಗೊತ್ತೇನ್ರಿ?"

ನನಗೆ ಗೊತ್ತಿರಲಿಲ್ಲ. ವಿಶಾಖಪಟ್ಟಣದ ಕಡಲತೀರದಲ್ಲಿ 'ಕುರ್ಸುರಾ' ಎಂಬ ನಿಜವಾದ ಜಲಾಂತರ್ಗಾಮಿಯೇ 2002ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿದೆ. 1969ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ ಮೂರು ದಶಕ ದುಡಿದ, 91 ಮೀಟರ್ ಉದ್ದದ ನೌಕೆ ಅದು. ಆದರೆ ಮೊಣಕಾಲು ನೋವಿನ ಆ ತಾಯಿಯನ್ನು ಅಷ್ಟು ದೂರ ಕರೆದೊಯ್ಯುವುದೆಂತು? ನೌಕೆಯನ್ನೇ ಅವಳ ಬಾಗಿಲಿಗೆ ಒಯ್ಯುವುದೆಂದು ನಿಶ್ಚಯಿಸಿದೆ.

ತರಿಸಿದ್ದು ಎರಡನೆಯ ಮಹಾಯುದ್ಧ ಕಾಲದ ಅಮೆರಿಕದ 'ಗ್ಯಾಟೋ' ವರ್ಗದ ಜಲಾಂತರ್ಗಾಮಿಯ ಪ್ಲಾಸ್ಟಿಕ್ ಕಿಟ್. ಕುರ್ಸುರಾದಂತೆಯೇ ಇದಕ್ಕೂ ಮುಂದೆ ಆರು, ಹಿಂದೆ ನಾಲ್ಕು ಟಾರ್ಪಿಡೊ ಕೊಳವೆಗಳು. ನೀರಿನ ಮೇಲೆ ಡೀಸೆಲ್ ಯಂತ್ರ, ಕೆಳಗೆ ಬ್ಯಾಟರಿಯ ಬಲ. ಮೂಲ ನೌಕೆಯ 72 ಅಂಗುಲ ಇಲ್ಲಿ ಒಂದೇ ಅಂಗುಲ. ಆದರೂ 95 ಮೀಟರಿನ ಆ ನೌಕೆ ಕುಗ್ಗಿ ಕುಗ್ಗಿ 132 ಸೆಂಟಿಮೀಟರಿಗೆ ನಿಂತಿತು. ಮೇಜು ಸಾಲದೆ ಮಂಚವನ್ನು ಬಿಟ್ಟುಕೊಟ್ಟು ನಾವು ನೆಲದಲ್ಲಿ ಮಲಗಿದೆವು.

ಒಡಲಿನ ಹೋಳುಗಳು ಒಂದಕ್ಕೊಂದು ಕೂಡದೆ ಹಟ ಹಿಡಿದವು. ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಬಿಗಿದು, ಅಂಟು ಹಾಕಿ, ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಮತ್ತೆ ತುಂಬಿ ಮತ್ತೆ ಉಜ್ಜಿದೆ. ವೈಶಾಖದ ಒಂದು ಮಧ್ಯಾಹ್ನ ಮೇಲಟ್ಟದ ತುಂಡನ್ನು ಅಂಗಳದಲ್ಲಿ ಮರೆತದ್ದು ನನ್ನದೇ ತಪ್ಪು. ಇಂಡಿಯ ಬಿಸಿಲಿಗೆ ಅದು ಹಪ್ಪಳದಂತೆ ಸೊಟ್ಟಗಾಯಿತು. ಬಿಸಿನೀರಿನಲ್ಲಿ ಅದ್ದಿ, ಹಲಗೆಯ ಕೆಳಗೆ ಒತ್ತಿಟ್ಟು, ಎರಡು ದಿನದಲ್ಲಿ ನೇರ ಮಾಡಿದೆ.

ಎಲ್ಲಕ್ಕಿಂತ ಕಠಿಣವಾದುದು ತೂತುಗಳ ಕೆಲಸ. ನೌಕೆಯ ಇಕ್ಕೆಲಗಳಲ್ಲಿ ನೀರು ಹೊಕ್ಕು ಹೊರಡಲು ನೂರಾರು ಕಂಡಿಗಳುಂಟು. ನನ್ನ ಕಿಟ್ಟಿನಲ್ಲಿ ಅವು ಬರಿಯ ತಗ್ಗುಗಳಾಗಿದ್ದವು. ಪುಟ್ಟ ಕೈ ಡ್ರಿಲ್ಲಿನಿಂದ ಒಂದೊಂದನ್ನೂ ಕೊರೆದೆ. ಎರಡು ತಿಂಗಳ ರಾತ್ರಿಗಳು ಅದಕ್ಕೇ ಸಂದವು. "ಜೋಳದಾಗಿನ ನುಸಿ ಸುದ್ದಾ ನಿಮ್ಮಷ್ಟು ಕೊರೆಯಂಗಿಲ್ಲ" ಎಂದಳು ನನ್ನಾಕೆ.

ಇಂಡಿಯ ಗಾಳಿಯ ಧೂಳು ಹಸಿ ಬಣ್ಣಕ್ಕೆ ವೈರಿ. ಆದುದರಿಂದ ಬಸವನ ಬಾಗೇವಾಡಿಯಲ್ಲಿ ವಾಹನಗಳಿಗೆ ಬಣ್ಣ ಹಾಕುವ ಮಿತ್ರರ ಮುಚ್ಚಿದ ಕೋಣೆಯಲ್ಲಿ ಮೇಲಟ್ಟಕ್ಕೆ ಕಪ್ಪು, ಪಕ್ಕಗಳಿಗೆ ಬೂದುಬಣ್ಣ ಸಿಂಪಡಿಸಿದ್ದಾಯಿತು. ಮುದ್ದೇಬಿಹಾಳದ ಬಡಿಗರೊಬ್ಬರು ಸಾಗುವಾನಿಯ ಪೀಠ ಮಾಡಿಕೊಟ್ಟರು. ಎಂಟು ತಿಂಗಳ ದುಡಿಮೆಯನ್ನು ದುಪ್ಪಟಿಯಲ್ಲಿ ಸುತ್ತಿ, ಸಿಂದಗಿಯ ಬಸ್ಸಿನಲ್ಲಿ ತೊಡೆಯ ಮೇಲಿರಿಸಿಕೊಂಡು ಕುಳಿತೆ. ಕಂಡಕ್ಟರ್ ಅಳತೆಗಣ್ಣಿನಿಂದ ನೋಡಿ, "ಇದಕ್ಕ ಅರ್ಧಾ ಟಿಕೀಟ ಹರೀಲೇನ್ರಿ?" ಎಂದ.

ಹಳ್ಳಿಯ ಆ ಮನೆಯಲ್ಲಿ ಓಣಿಯೇ ನೆರೆದಿತ್ತು. ತಾಯಿ ಮಾತನಾಡಲಿಲ್ಲ. ನಾನು ಕೊರೆದ ಕಂಡಿಗಳ ಸಾಲಿನ ಮೇಲೆ ಮೆಲ್ಲನೆ ಬೆರಳಾಡಿಸಿದಳು. ಅವಳ ಕಣ್ಣು ತುಂಬಿದವು.

"ಸರ್ರ, ಮೈತುಂಬ ತೂತದಾವ. ಇಂಥಾದ್ರಾಗ ನನ್ನ ಮಗನ್ನ ಕೂಡಿಸಿ ನೀರಾಗ ಬಿಡ್ತಾರೇನ್ರಿ?"

ನನ್ನ ಎದೆ ಧಸಕ್ಕೆಂದಿತು. ಧೈರ್ಯ ತುಂಬಲೆಂದು ತಂದ ವಸ್ತು ಭಯವನ್ನು ತುಂಬಿತ್ತು. ದೇವರ ಮುಂದಿದ್ದ ತೆಂಗಿನಕಾಯಿಯನ್ನು ಬೇಡಿ ಕೈಗೆತ್ತಿಕೊಂಡೆ. "ಯವ್ವಾ, ಇದರ ಹೊರಗಿನ ನಾರು ನೀರು ಕುಡಿಯುತ್ತದೆ, ಒಳಗಿನ ಕರಟ ಕುಡಿಯುವುದಿಲ್ಲ. ನೌಕೆಗೂ ಹಾಗೆ ಎರಡು ಮೈ. ತೂತು ಹೊರಮೈಗೆ ಮಾತ್ರ. ನಿನ್ನ ಮಗ ಕೂಡುವುದು ಕರಟದೊಳಗೆ." ಇದು ಅವಳ ಮಗನ ನೌಕೆಯಲ್ಲ, ಅದರ ಅಜ್ಜನ ಕಾಲದ್ದೆಂದೂ ತಿಳಿಸಿದೆ. 2017ರಿಂದ ಸೇವೆಗಿಳಿದ 'ಕಲ್ವರಿ' ವರ್ಗದ ನೌಕೆಗಳ ಮೈಕಟ್ಟು ಬೇರೆ. ಮುಳುಗುವ, ಏಳುವ ಸೂತ್ರ ಮಾತ್ರ ಒಂದೇ.

ಬಕೀಟಿನ ನೀರಿನಲ್ಲಿ ತಂಬಿಗೆಯನ್ನು ಬೋರಲಾಗಿ ಒತ್ತಿ, ಓರೆ ಮಾಡಿದೆ. ಗುಳುಗುಳು ಗಾಳಿ ಹೊರಟು, ನೀರು ತುಂಬಿ, ತಂಬಿಗೆ ತಳಕ್ಕಿಳಿಯಿತು. ನೌಕೆಯ ತೊಟ್ಟಿಗಳೂ ಹೀಗೆಯೇ ನೀರು ತುಂಬಿಕೊಳ್ಳುತ್ತವೆ ಎಂದೆ.

"ಮುಳಗೂದು ಇರ್ಲಿ ಬಿಡ್ರಿ, ಕೊಡಾ ಸುದ್ದಾ ಮುಳಗತದ. ಏಳೂದು ಹ್ಯಾಂಗ, ಅದನ್ನ ತೋರಸ್ರಿ."

ಎಂಟು ತಿಂಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ! ತಳದಲ್ಲಿ ಬೋರಲು ಬಿದ್ದಿದ್ದ ತಂಬಿಗೆಯ ಬಾಯಿಗೆ ರಬ್ಬರ್ ನಳಿಗೆಯೊಂದನ್ನು ತೂರಿಸಿ ಊದಿದೆ. ಗಾಳಿ ಸೇರಿದಂತೆ ನೀರು ಹೊರಬಿತ್ತು. ತಂಬಿಗೆ ಒಮ್ಮೆ ಅಲುಗಿ, ತೇಲಿ ಮೇಲೆ ಬಂದಿತು. ನೌಕೆಯಲ್ಲಿ ಉಸಿರಿನ ಬದಲಿಗೆ ಒತ್ತಿ ತುಂಬಿಟ್ಟ ಗಾಳಿಯಿರುತ್ತದೆ, ಅಷ್ಟೇ ಭೇದ. ತಾಯಿ ನಳಿಗೆಯನ್ನು ಇಸಿದುಕೊಂಡು ತಾನೇ ಊದಿದಳು. ಒಮ್ಮೆಯಲ್ಲ, ಮೂರು ಬಾರಿ. ಮೂರು ಬಾರಿಯೂ ತಂಬಿಗೆ ಎದ್ದಿತು.

ತಿಂಗಳೊಪ್ಪತ್ತಿನ ಮೇಲೆ ಹುಡುಗನ ದೂರವಾಣಿ ಬಂದಿತು: "ಸರ್ರ, ನಮ್ಮವ್ವ ನನಗ ಪಾಠಾ ಹೇಳಾಕ ಹತ್ಯಾಳ್ರಿ, ತೂತ ಹೊರಗಿನ ಸಿಪ್ಪಿಗೆ ಅಂತ."

ಮೊನ್ನೆ ಆ ಮನೆಗೆ ಹೋಗಿದ್ದೆ. ನೌಕೆ ಜೋಳದ ಚೀಲಗಳ ಪಕ್ಕದ ಗೂಡಿನಲ್ಲಿ ಕುಳಿತಿದೆ. ಅದರ ಮೂತಿಯ ಮೇಲೆ ಕುಂಕುಮದ ಬೊಟ್ಟು. ಮೂಲ ನೌಕೆಗೆ ಅದು ಇರಲಿಲ್ಲ. ಒರೆಸಲು ನನಗೆ ಮನಸ್ಸಾಗಲಿಲ್ಲ.