ಅಂತರ್ಜಾಲದಲ್ಲಿ ಉದ್ಯೋಗ ಹುಡುಕಾಟ: ಸರಿಯಾದ ಕೀಲಿಪದಗಳ ಬಳಕೆ

ಮಾನ್ಯ ಸದಸ್ಯರಲ್ಲಿ ಅನೇಕರು ತಮ್ಮ ಕ್ಷೇತ್ರದ ಯುವಕ ಯುವತಿಯರಿಂದ ಈ ಮಾತನ್ನು ಕೇಳಿರಬಹುದು: "ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ನಮಗೆ ಹೊಂದುವ ಕೆಲಸ ಸಿಗುತ್ತಿಲ್ಲ." ಕೆಲಸವೇ ಇಲ್ಲವೆಂದು ಇದರ ಅರ್ಥವಾಗಬೇಕಿಲ್ಲ. ಜಾಲತಾಣವು ನಾವು ಟೈಪ್ ಮಾಡಿದ ಪದಗಳನ್ನು ಪ್ರಕಟಣೆಯಲ್ಲಿರುವ ಹುದ್ದೆಯ ಹೆಸರು, ವಿದ್ಯಾರ್ಹತೆ ಹಾಗೂ ಸ್ಥಳದೊಡನೆ ಹೋಲಿಸಿ ನೋಡುತ್ತದೆ. ನಮ್ಮ ಪದವೊಂದು, ಪ್ರಕಟಣೆಯ ಪದ ಇನ್ನೊಂದು ಆದಾಗ ಇರುವ ಹುದ್ದೆಯೂ ಕಣ್ಣಿಗೆ ಬೀಳದೆ ಅರ್ಜಿಯ ಕೊನೆಯ ದಿನಾಂಕ ಕಳೆದುಹೋಗುತ್ತದೆ.

ಮೊದಲನೆಯದಾಗಿ ವಿದ್ಯಾರ್ಹತೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎಂಬವು ನಮಗೆ ಮನೆಮಾತು. ಆದರೆ ಕೇಂದ್ರ ಸರ್ಕಾರದ ಹಾಗೂ ಹೊರರಾಜ್ಯದ ಸಂಸ್ಥೆಗಳ ಪ್ರಕಟಣೆಗಳಲ್ಲಿ ಮೆಟ್ರಿಕ್ಯುಲೇಷನ್, ಟೆಂತ್ ಪಾಸ್, 10+2, ಇಂಟರ್‌ಮೀಡಿಯೆಟ್ ಎಂದಿರುತ್ತದೆ. ಎರಡೂ ಬಗೆಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿಯೂ ಹುಡುಕತಕ್ಕದ್ದು.

ಹುದ್ದೆಯ ಹೆಸರಿನಲ್ಲಿ ಆಗುವ ನಷ್ಟ ಇದಕ್ಕಿಂತ ಹೆಚ್ಚಿನದು. ಹೊಲಿಗೆ ತರಬೇತಿ ಪಡೆದ ಮಹಿಳೆ "ಟೈಲರ್" ಎಂದು ಹುಡುಕುತ್ತಾರೆ. ಸಿದ್ಧ ಉಡುಪು ಕಾರ್ಖಾನೆಯವರು ಕರೆಯುವುದು "ಸೂಯಿಂಗ್ ಮೆಷಿನ್ ಆಪರೇಟರ್" ಹುದ್ದೆಗೆ. "ಕಂಪ್ಯೂಟರ್ ಕೆಲಸ" ಎಂಬುದರ ಬದಲು ಡೇಟಾ ಎಂಟ್ರಿ ಆಪರೇಟರ್, ಬ್ಯಾಕ್ ಆಫೀಸ್, ಟ್ಯಾಲಿ ಎಂಬ ಪದಗಳು ಫಲ ಕೊಡುತ್ತವೆ. ಐಟಿಐ ಮುಗಿಸಿದವರು "ಐಟಿಐ ಜಾಬ್" ಎಂದಷ್ಟೇ ಬರೆಯದೆ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎಂದು ತಮ್ಮ ವೃತ್ತಿಯ ಹೆಸರನ್ನೂ, ಅದರೊಡನೆ "ಅಪ್ರೆಂಟಿಸ್" ಎಂಬ ಪದವನ್ನೂ ಸೇರಿಸಬೇಕು. ಅಂಚೆ ಇಲಾಖೆಯ ಉದಾಹರಣೆ ಹಳ್ಳಿಯ ಮಕ್ಕಳಿಗೆ ಬಹು ಮುಖ್ಯ. ಹತ್ತನೆಯ ತರಗತಿಯ ಅಂಕಗಳ ಆಧಾರದ ಮೇಲೆ, ಸ್ಥಳೀಯ ಭಾಷೆ ಬಲ್ಲವರನ್ನು ನೇಮಿಸಿಕೊಳ್ಳುವ ಹುದ್ದೆಯ ಹೆಸರು "ಗ್ರಾಮೀಣ ಡಾಕ್ ಸೇವಕ್", ಸಂಕ್ಷಿಪ್ತವಾಗಿ ಜಿಡಿಎಸ್. "ಪೋಸ್ಟ್‌ಮ್ಯಾನ್ ಕೆಲಸ" ಎಂದು ಹುಡುಕುವವರಿಗೆ ಇದು ತಪ್ಪಿಹೋಗಬಹುದು.

ಸ್ಥಳದ ಹೆಸರಿನಲ್ಲಿಯೂ ತೊಡಕುಂಟು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಆದರೂ ಖಾಸಗಿ ಪ್ರಕಟಣೆಗಳಲ್ಲಿ ಬ್ಯಾಂಗಲೋರ್, ಹುಬ್ಲಿ, ಬೆಲ್ಗಾಮ್, ಗುಲ್ಬರ್ಗಾ ಇಂದಿಗೂ ಉಳಿದಿವೆ. ಆದ್ದರಿಂದ ಹಳೆಯ ಹಾಗೂ ಹೊಸ ಹೆಸರುಗಳೆರಡನ್ನೂ ಪ್ರಯತ್ನಿಸಬೇಕು. ಪೀಣ್ಯ, ಬೊಮ್ಮಸಂದ್ರ, ಬಿಡದಿ, ನರಸಾಪುರ ಮುಂತಾದ ಕೈಗಾರಿಕಾ ಪ್ರದೇಶಗಳ ಹೆಸರಿನಿಂದ ಹುಡುಕುವುದು ಇನ್ನೂ ಒಳ್ಳೆಯದು.

ಗೂಗಲ್‌ನಲ್ಲಿ ಪದಗುಚ್ಛವನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದರೆ ಅದೇ ಪದಗುಚ್ಛವಿರುವ ಪುಟಗಳು ಬರುತ್ತವೆ. ಬೇಡದ ಪದದ ಹಿಂದೆ, ನಡುವೆ ಜಾಗ ಬಿಡದೆ, ಕಳೆಯುವ ಚಿಹ್ನೆ ಹಾಕಿದರೆ ಆ ಪದವಿರುವ ಪುಟಗಳನ್ನು ಕೈಬಿಡುತ್ತದೆ.

ಕೆಲವು ಪದಗಳ ಬಗ್ಗೆ ಮಾತ್ರ ಎಚ್ಚರಿಕೆ ಅಗತ್ಯ. "ವರ್ಕ್ ಫ್ರಂ ಹೋಮ್", "ಅರ್ಜೆಂಟ್", "ಪರೀಕ್ಷೆ ಇಲ್ಲದೆ ನೇರ ನೇಮಕ" ಎಂದು ಹುಡುಕುವವರಿಗಾಗಿಯೇ ವಂಚಕರು ಬಲೆ ಬೀಸಿರುತ್ತಾರೆ. ಅಧಿಸೂಚನೆಯಲ್ಲಿ ತಿಳಿಸಿದ ಅರ್ಜಿ ಶುಲ್ಕ ಬೇರೆ. ವ್ಯಕ್ತಿಯೊಬ್ಬರ ಖಾತೆಗೆ ಕೇಳುವ "ಠೇವಣಿ" ಬೇರೆ. ಎರಡನೆಯದನ್ನು ಯಾವ ಕಾರಣಕ್ಕೂ ಪಾವತಿಸಬಾರದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆಮಾಡಬೇಕು. ನಾಚಿಕೆಯಿಂದ ಮನೆಯವರಿಗೂ ತಿಳಿಸದೆ ದಿನ ಕಳೆದರೆ ಹಣ ತಡೆಹಿಡಿಯುವ ಅವಕಾಶ ಕ್ಷೀಣಿಸುತ್ತದೆ.

ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಉದ್ಯೋಗಾಕಾಂಕ್ಷಿಗಳ ನೋಂದಣಿ ಉಚಿತ. ಇಂತಹ ತಾಣಗಳಲ್ಲಿ ಉದ್ಯೋಗದಾತರೂ ಅಭ್ಯರ್ಥಿಗಳನ್ನು ಕೀಲಿಪದಗಳಿಂದಲೇ ಹುಡುಕುವುದರಿಂದ, ಸ್ವವಿವರದಲ್ಲಿ "ಕಂಪ್ಯೂಟರ್ ಜ್ಞಾನವಿದೆ" ಎನ್ನುವುದಕ್ಕಿಂತ ಟ್ಯಾಲಿ, ಎಕ್ಸೆಲ್, ನುಡಿ ಎಂದು ಕಲಿತದ್ದನ್ನೇ ಹೆಸರಿಸುವುದು ಲೇಸು. ಸದಸ್ಯರು ತಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಮೇಲ್ವಿಚಾರಕರ ನೆರವಿನಿಂದ, ವೃತ್ತಿವಾರು ಕೀಲಿಪದಗಳ ಪಟ್ಟಿಯೊಂದನ್ನು ಇಂಗ್ಲಿಷ್ ಕಾಗುಣಿತದೊಡನೆ ಸೂಚನಾ ಫಲಕದಲ್ಲಿ ಹಾಕಿಸಬಹುದು.