ತಟ್ಟೆ ಬಡಿದು ನೋಡಿದರೆ ಸಾಲದು

ಮಗುವಿಗೆ ಕಿವಿ ಕೇಳುತ್ತದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ತಟ್ಟೆಯ ಪರೀಕ್ಷೆ. ಮಗುವಿನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಾರೆ. ಇಲ್ಲವೇ ಬಾಗಿಲನ್ನು ದಡಾರನೆ ಹಾಕುತ್ತಾರೆ. ಮಗು ತಿರುಗಿ ನೋಡಿತೋ, ಮನೆಮಂದಿಗೆಲ್ಲ ಸಮಾಧಾನ. ಅದು ತಿರುಗಿದ್ದು ಸದ್ದಿಗೋ, ನೆಲ ಅದುರಿದ್ದಕ್ಕೋ, ಗೋಡೆಯ ಮೇಲೆ ಸರಿದ ನೆರಳಿಗೋ, ಎದುರಿಗೆ ಕೂತ ಅಜ್ಜಿಯ ಕಣ್ಣು ಹೊರಳಿದ್ದಕ್ಕೋ ಎಂದು ಯಾರೂ ವಿಚಾರಿಸುವುದಿಲ್ಲ. ಕೇಳದ ಮಗುವಿನ ಕಣ್ಣು ಬಲು ಚುರುಕು. ಅಲ್ಲದೆ, ತಟ್ಟೆಯ ಸದ್ದು ಕೇಳಿಸಿದ ಮಾತ್ರಕ್ಕೆ 'ಸ', 'ಶ', 'ಫ'ದಂಥ ಮೆಲುದನಿಯ ಅಕ್ಷರಗಳೂ ಕೇಳಿಸುತ್ತವೆ ಎಂದೇನೂ ಅಲ್ಲ. ಮಾತು ಕಲಿಯಲು ಅವೂ ಕೇಳಿಸಬೇಕು.

ಕಿವುಡುತನ ಕಣ್ಣಿಗೆ ಕಾಣುವ ಊನವಲ್ಲ. ಹುಟ್ಟಿನಿಂದಲೇ ಏನೂ ಕೇಳಿಸದ ಕೂಸು ಕೂಡ ಅಳುತ್ತದೆ, ನಗುತ್ತದೆ, ಮೊದಲ ಕೆಲವು ತಿಂಗಳು ಎಲ್ಲ ಕೂಸುಗಳಂತೆ 'ಊ', 'ಆ' ಎಂದು ದನಿ ತೆಗೆಯುತ್ತದೆ. ಆರೇಳು ತಿಂಗಳ ಹೊತ್ತಿಗೆ ಓರಗೆಯ ಮಕ್ಕಳು 'ಬಬಬ', 'ತತತ' ಎಂದು ತೊದಲತೊಡಗಿದಾಗ ಮಾತ್ರ ಈ ಕೂಸು ಹಿಂದೆ ಬೀಳುತ್ತದೆ. ಇದನ್ನು ಮೊದಲು ಗಮನಿಸುವವಳು ಸಾಮಾನ್ಯವಾಗಿ ತಾಯಿ. ಆಕೆ ಬಾಯಿ ಬಿಟ್ಟು ಹೇಳಿದರೆ ಹಿರಿಯರ ಉತ್ತರ ಸಿದ್ಧ: "ಅವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ, ಸುಮ್ಮನಿರು." ಆಮೇಲೆ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ನಾಲಿಗೆಯ ಕೆಳಗಿನ ದಾರ ಬಿಡಿಸಬೇಕೇನೋ ಎಂದು ವೈದ್ಯರನ್ನು ಕೇಳುತ್ತಾರೆ. ಆದರೆ ಇಂಥ ಬಹುಪಾಲು ಮಕ್ಕಳ ನಾಲಿಗೆಗಾಗಲಿ ಗಂಟಲಿಗಾಗಲಿ ಏನೂ ಆಗಿರುವುದಿಲ್ಲ. ಕೇಳದ್ದನ್ನು ಆಡುವುದು ಹೇಗೆ? 'ಕಿವುಡ-ಮೂಗ' ಎಂದು ಒಂದೇ ಉಸಿರಿನಲ್ಲಿ ಹೇಳುವ ಜೋಡಿಮಾತು ಈ ಸರಳ ಸಂಗತಿಯನ್ನೇ ಮರೆಮಾಚಿಬಿಟ್ಟಿದೆ.

ಹೀಗೆ ಕಳೆಯುವ ಎರಡು-ಮೂರು ವರ್ಷಗಳೇ ಅತ್ಯಂತ ಬೆಲೆಯುಳ್ಳವು. ಮಿದುಳಿನಲ್ಲಿ ಸದ್ದನ್ನು ಗ್ರಹಿಸುವ ಭಾಗ ತಾನಾಗಿಯೇ ಪಳಗುವುದಿಲ್ಲ, ಅದಕ್ಕೆ ಸದ್ದು ಬೀಳುತ್ತಿರಬೇಕು. ಬೀಳದಿದ್ದರೆ ಆ ಜಾಗ ಖಾಲಿಯಾಗಿಯೂ ಉಳಿಯುವುದಿಲ್ಲ. ನೋಟ ಮತ್ತು ಸ್ಪರ್ಶದ ಕೆಲಸಗಳು ಮೆಲ್ಲನೆ ಅದನ್ನು ಹಂಚಿಕೊಳ್ಳುತ್ತವೆ. ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 150 ಮಕ್ಕಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. 6 ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳು ಭಾಷೆಯಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಕಿವುಡು ಕಡಿಮೆಯೋ ಹೆಚ್ಚೋ ಎಂಬುದಕ್ಕಿಂತ, ಯಾವಾಗ ಗೊತ್ತಾಯಿತು ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬ ಲೆಕ್ಕವನ್ನು ಇಂದು ಹಲವು ದೇಶಗಳು ಒಪ್ಪಿವೆ.

ಒಂದು ತಿಂಗಳ ಕೂಸನ್ನು 'ಕೇಳಿಸಿತೇ?' ಎಂದು ಕೇಳುವುದು ಹೇಗೆ? ಅದಕ್ಕೆ ದಾರಿ ತೋರಿದವರು ಲಂಡನ್ನಿನ ಡೇವಿಡ್ ಕೆಂಪ್. ಆರೋಗ್ಯವಂತ ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಅತಿ ಕ್ಷೀಣವಾದ ಮರುದನಿಯನ್ನು ಹೊರಡಿಸುತ್ತದೆ ಎಂದು ಅವರು 1978ರಲ್ಲಿ ತೋರಿಸಿಕೊಟ್ಟರು. ಒಳಗಿವಿಯಲ್ಲಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾದೊಳಗಿನ ಕೂದಲುಕೋಶಗಳ ಕೆಲಸ ಅದು. ನಿದ್ದೆ ಮಾಡುತ್ತಿರುವ ಕೂಸಿನ ಕಿವಿಗೆ ಮೆತ್ತನೆಯ ಪುಟ್ಟ ಬಿರಡೆ ಇಟ್ಟು ಟಿಕ್ ಟಿಕ್ ಸದ್ದು ಕಳಿಸಿ, ಮರುದನಿ ಬಂತೇ ಎಂದು ಯಂತ್ರ ನೋಡುತ್ತದೆ. ಒಎಇ ಎಂದು ಕರೆಯುವ ಈ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಕೂಸು ಸುಮ್ಮನೆ ಮಲಗಿದ್ದರೆ ಕೆಲವೇ ನಿಮಿಷ ಸಾಕು. ಫಲಿತಾಂಶ 'ಪಾಸ್', ಇಲ್ಲವೇ 'ರೆಫರ್'. ರೆಫರ್ ಎಂದ ತಕ್ಷಣ ಎದೆ ಒಡೆದುಕೊಳ್ಳಬೇಕಾಗಿಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಿವಿಯಲ್ಲಿ ಉಳಿದ ಜಿಡ್ಡು, ದ್ರವದಿಂದಲೂ ಹಾಗೆ ಬರುವುದುಂಟು, ಮತ್ತೊಮ್ಮೆ ನೋಡಬೇಕು. ಅಪಾಯವಿರುವುದು, ರೆಫರ್ ಎಂದು ಬರೆದ ಚೀಟಿಯನ್ನು ಬಾಣಂತನದ ಗಡಿಬಿಡಿಯಲ್ಲಿ ಟ್ರಂಕಿನೊಳಗೆ ಇಟ್ಟು ಮರೆಯುವುದರಲ್ಲಿ.

ಮರುಪರೀಕ್ಷೆಯಲ್ಲೂ ಅನುಮಾನ ಉಳಿದರೆ 'ಬೇರಾ' ಮಾಡುತ್ತಾರೆ. ಹಣೆಗೆ, ಕಿವಿಯ ಹಿಂದೆ ಪುಟ್ಟ ವೈರುಗಳನ್ನು ಅಂಟಿಸಿ, ಸದ್ದು ಕಿವಿಯ ನರದ ಮೂಲಕ ಮಿದುಳಿನ ಬುಡ ಮುಟ್ಟಿತೇ ಎಂದು ಅಳೆಯುವ ಪರೀಕ್ಷೆ ಇದು. ಹುಟ್ಟುವಾಗ ಉಸಿರುಕಟ್ಟಿದ, ಕಾಮಾಲೆ ವಿಪರೀತಕ್ಕೇರಿದ, ದಿನ ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸುಗಳಿಗೆ ಒಎಇ ಪಾಸಾದರೂ ಬೇರಾ ಬೇಕೇ ಬೇಕು. ಕೆಲವರಲ್ಲಿ ಕಿವಿ ಸರಿಯಿದ್ದು ನರದ ದಾರಿಯಲ್ಲೇ ತೊಡಕಿರುತ್ತದೆ. ಅದು ಮೊದಲ ಪರೀಕ್ಷೆಯ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಸಾವಿರ ಕೂಸುಗಳಲ್ಲಿ ಒಂದರಿಂದ ಮೂರಕ್ಕೆ ಹುಟ್ಟಿನಿಂದಲೇ ಗಣನೀಯ ಶ್ರವಣದೋಷವಿರುತ್ತದೆ. ಇವುಗಳಲ್ಲಿ ಅರ್ಧದಷ್ಟಾದರೂ ವಂಶವಾಹಿಯ ದೋಷದಿಂದ ಬಂದವು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ರೂಢಿ ಇದಕ್ಕೆ ಇಂಬು ಕೊಡುತ್ತದೆ. ಗಂಡ ಹೆಂಡತಿ ಇಬ್ಬರ ಕಿವಿಯೂ ಚೆನ್ನಾಗಿದ್ದು, ಇಬ್ಬರೂ ಒಂದೇ ಹಿರಿಯರಿಂದ ಬಂದ ಅಡಗಿದ ದೋಷವನ್ನು ಹೊತ್ತಿದ್ದರೆ ಅದು ಮಗುವಿನಲ್ಲಿ ಪ್ರಕಟವಾಗಬಹುದು. ಗರ್ಭಿಣಿಗೆ ತಗಲುವ ರುಬೆಲ್ಲಾ ಮತ್ತೊಂದು ಕಾರಣ. ಇದನ್ನು ಲಸಿಕೆಯಿಂದ ತಡೆಯಬಹುದು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇನ್ನು ಕಿವಿ ಸೋರುವ ಮಕ್ಕಳು, ನೆಗಡಿ ಬಂದಾಗಲೆಲ್ಲ ಕಿವಿ ಕಟ್ಟಿಕೊಳ್ಳುವ ಮಕ್ಕಳು. ಇವರ ದೋಷ ನಡುಗಿವಿಯದು, ಬಹುಪಾಲು ಔಷಧಿಯಿಂದಲೋ ಚಿಕ್ಕ ಶಸ್ತ್ರಚಿಕಿತ್ಸೆಯಿಂದಲೋ ವಾಸಿಯಾಗುವಂಥದು. ಬಿಸಿ ಎಣ್ಣೆ ಬಿಡುವುದೊಂದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿದರೆ ಅರ್ಧ ಕೆಲಸ ಆದಂತೆ.

ಒಳಗಿವಿಯ ದೋಷಕ್ಕೆ ಮಾತ್ರೆಯಿಲ್ಲ. ಅದಕ್ಕಿರುವುದು ಶ್ರವಣಸಾಧನ. ಕೆಲವೇ ತಿಂಗಳ ಕೂಸಿಗೂ ಅದನ್ನು ಹಾಕಬಹುದು ಎಂದರೆ ಅನೇಕರು ನಂಬುವುದಿಲ್ಲ. ಹಾಕಿದ ಮೇಲಿನ ಪಾಡು ಮಾತ್ರ ಮನೆಯವರದೇ. ಕೂಸು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಕಿವಿ ಬೆಳೆದಂತೆ ಅಚ್ಚು ಸಡಿಲವಾಗಿ ಯಂತ್ರ ಸಿಳ್ಳೆ ಹಾಕುತ್ತದೆ. ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ಮಾಡಿಸಬೇಕು. ಮದುವೆ ಮನೆಯಲ್ಲಿ ನಾಲ್ಕು ಜನ ನೋಡುತ್ತಾರೆಂದು ಅದನ್ನು ಬಿಚ್ಚಿ ಪರ್ಸಿನಲ್ಲಿಡುವ ಸಂಕೋಚವೂ ಉಂಟು. ಯಂತ್ರ ಹಾಕಿದ ದಿನವೇ ಮಾತು ಉದುರುವುದಿಲ್ಲ. ಕೇಳಲು ಶುರುಮಾಡಿದ ದಿನದಿಂದ ಆ ಮಗುವಿನ ಕಿವಿಯ ವಯಸ್ಸು ಎಣಿಸಬೇಕು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ಅಲ್ಲಿನ ಶಾಲಾಪೂರ್ವ ತರಬೇತಿಯಲ್ಲಿ ಮಗುವಿನಷ್ಟೇ ಮುಖ್ಯ ವಿದ್ಯಾರ್ಥಿ ತಾಯಿ. ಅನ್ನ ಕಲಸುವಾಗ 'ಅನ್ನ', ಕೈ ತೊಳೆಸುವಾಗ 'ನೀರು', ಬಸ್ಸು ಕಂಡಾಗ 'ಬಸ್ಸು' ಎಂದು ದಿನಕ್ಕೆ ನೂರು ಸಲ, ಬೇಸರಿಸದೆ, ಮಗುವಿನ ಕಿವಿಯ ಹತ್ತಿರ ಹೇಳಬೇಕು. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿದ್ದು ಈ ಪಾಠ ಕಲಿಯುವ ತಾಯಂದಿರ ಶ್ರಮಕ್ಕೆ ಯಾವ ಯೋಜನೆಯಲ್ಲೂ ಲೆಕ್ಕ ಬರೆದಿಲ್ಲ. ಅಪ್ಪಂದಿರು ತಿಂಗಳಿಗೊಮ್ಮೆ ದುಡ್ಡು ಕಳಿಸಿದರೆ ಸಾಕು ಎಂದುಕೊಂಡಿರುವುದನ್ನೂ ಇಲ್ಲಿ ಹೇಳಲೇಬೇಕು.

ಶ್ರವಣಸಾಧನದಿಂದಲೂ ಪ್ರಯೋಜನವಾಗದಷ್ಟು ತೀವ್ರ ಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಸತ್ತ ಕೂದಲುಕೋಶಗಳನ್ನು ಬಿಟ್ಟು, ವಿದ್ಯುತ್ ಮಿಡಿತಗಳಿಂದ ನೇರವಾಗಿ ನರವನ್ನೇ ಎಚ್ಚರಿಸುವ ಉಪಾಯ. 1990ರಲ್ಲಿ ಅಮೆರಿಕ 2 ವರ್ಷ ತುಂಬಿದ ಮಕ್ಕಳಿಗೆ ಇದನ್ನು ಒಪ್ಪಿತು. 2020ರಲ್ಲಿ ಆ ಮಿತಿ 9 ತಿಂಗಳಿಗೆ ಇಳಿಯಿತು. ಲಕ್ಷಗಟ್ಟಲೆ ಬೆಲೆಯ ಈ ಸಾಧನ ಬಡವರ ಮಕ್ಕಳಿಗೂ ದೊರೆಯಲೆಂದು ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಬಂದಿವೆ. ಎರಡರಲ್ಲೂ ವಯಸ್ಸಿನ ಮಿತಿಯುಂಟು. ತಟ್ಟೆ ಬಡಿಯುತ್ತ ಕೂತವರ ಮಕ್ಕಳು ಆ ಗೆರೆ ದಾಟಿಬಿಡುತ್ತಾರೆ. ಶಸ್ತ್ರಚಿಕಿತ್ಸೆ ಪುಕ್ಕಟೆಯಾದರೂ ತಂತಿ ತುಂಡಾದಾಗ, ಬ್ಯಾಟರಿ ಹೋದಾಗ ಕೂಲಿ ಮಾಡುವ ಮನೆ ತತ್ತರಿಸುತ್ತದೆ. ಯಂತ್ರ ಕಪಾಟು ಸೇರಿತೆಂದರೆ ಮಗು ಮತ್ತೆ ಮೌನಕ್ಕೆ.

ಎಷ್ಟು ಮಾಡಿದರೂ ಕೆಲವು ಮಕ್ಕಳಿಗೆ ಆಡುಮಾತು ಪೂರ್ತಿ ಒಲಿಯುವುದಿಲ್ಲ. ಅವರ ಕೈಯನ್ನು ಕಟ್ಟಿಹಾಕಿ ತುಟಿಯನ್ನೇ ನೋಡು ಎಂದು ಗದರುತ್ತಿದ್ದ ಕಾಲವೊಂದಿತ್ತು. ಸನ್ನೆಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. ಭಾರತೀಯ ಸನ್ನೆಭಾಷೆಗೆಂದೇ ಕೇಂದ್ರ ಸರ್ಕಾರ 2015ರಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಮಾತೋ ಸನ್ನೆಯೋ ಎಂಬ ಜಗಳ ಬಲ್ಲವರಲ್ಲಿ ಇನ್ನೂ ನಡೆದಿದೆ. ಆ ಜಗಳ ಮುಗಿಯುವವರೆಗೆ ಕಾಯಲು ಮಗುವಿಗೆ ಪುರಸೊತ್ತಿಲ್ಲ. ಅದಕ್ಕೆ ಯಾವುದಾದರೂ ಒಂದು ಭಾಷೆ ಬೇಗ ಬೇಕು.

ಹೆರಿಗೆ ಆಸ್ಪತ್ರೆಯಲ್ಲಿ ಕಿವಿಯ ತಪಾಸಣೆ ಆಗಿಲ್ಲವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ತೋರಿಸಬಹುದು. ಆರು ತಿಂಗಳಿಗೆ ಸದ್ದಿನತ್ತ ತಿರುಗದ, ವರ್ಷ ತುಂಬಿದರೂ ಹೆಸರಿಗೆ ಓಗೊಡದ, ಎರಡು ವರ್ಷಕ್ಕೆ 'ಅಮ್ಮ ಬಾ' ಎಂದು ಎರಡು ಪದ ಜೋಡಿಸದ ಮಗುವನ್ನು 'ನೋಡೋಣ' ಎಂದು ಬಿಡುವಂತಿಲ್ಲ. ಮೊದಲ ಮಗುವಿಗೆ ಕಿವುಡು ಇದ್ದ ಮನೆಯಲ್ಲಂತೂ ಎರಡನೆಯ ಕೂಸಿನ ಕಿವಿಯನ್ನು ತೊಟ್ಟಿಲಿಗೆ ಹಾಕುವ ಮೊದಲೇ ಪರೀಕ್ಷಿಸಬೇಕು.