ಧೂಮವೂ ಚೋದಕಸ್ರಾವಗಳೂ

ಪರ್ವತದಲ್ಲಿ ಧೂಮವನ್ನು ಕಂಡು ಅಗ್ನಿಯನ್ನು ಊಹಿಸುವುದು ತರ್ಕಶಾಸ್ತ್ರದ ಪ್ರಸಿದ್ಧವಾದ ದೃಷ್ಟಾಂತವಷ್ಟೆ. ಆದರೆ ಅಗ್ನಿಯಿಂದ ಧೂಮವನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯುಂಟು, ಧೂಮವಿಲ್ಲ. ಧೂಮವು ಹುಟ್ಟಲು ಹಸಿಯ ಇಂಧನದ ಸಂಯೋಗವೆಂಬ ಉಪಾಧಿಯು ಬೇಕೆಂದು ತಾರ್ಕಿಕರ ನಿರ್ಣಯ. ಧೂಮವು ಇಂಧನವನ್ನು ಅವಲಂಬಿಸಿರುವುದೆಂಬ ಈ ಮಾತು ಇಂದಿನ ರಸಾಯನಶಾಸ್ತ್ರಕ್ಕೂ ಸಮ್ಮತವಾಗಿದೆ. ಆದುದರಿಂದ ಸೌದೆಯ ಹೊಗೆಯನ್ನೂ ಇಂದಿನ ಮನೆಗಸದ ಹೊಗೆಯನ್ನೂ ಒಂದೇ ಎಂದೆಣಿಸಲಾಗದು.

ದೇಹದಲ್ಲಿ ನಾಳವಿಲ್ಲದ ಕೆಲವು ಗ್ರಂಥಿಗಳುಂಟು. ಅವು ರಕ್ತದೊಳಕ್ಕೆ ಸುರಿಸುವ ದ್ರವ್ಯಗಳಿಗೆ ಆಂಗ್ಲ ಶರೀರಶಾಸ್ತ್ರಜ್ಞನಾದ ಸ್ಟಾರ್ಲಿಂಗನು 1905ರಲ್ಲಿ 'ಹಾರ್ಮೋನ್' ಎಂಬ ಹೆಸರನ್ನು ಬಳಕೆಗೆ ತಂದನು. ಪ್ರೇರಿಸು ಎಂಬ ಅರ್ಥದ ಗ್ರೀಕ್ ಶಬ್ದವೇ ಇದಕ್ಕೆ ಮೂಲ. ಸಂಸ್ಕೃತದ ಚುದ್ ಧಾತುವಿಗೂ ಅದೇ ಅರ್ಥವಿರುವುದರಿಂದ ಚೋದಕಸ್ರಾವವೆಂಬ ಮಾತು ಇದಕ್ಕೆ ಒಪ್ಪುತ್ತದೆ. ಇವು ಅತ್ಯಲ್ಪ ಪ್ರಮಾಣದಲ್ಲಿದ್ದುಕೊಂಡೇ ಬೆಳವಣಿಗೆಯನ್ನೂ ಸಂತಾನಶಕ್ತಿಯನ್ನೂ ನಡೆಯಿಸುವ ದೂತರು. ಇವುಗಳ ಆಜ್ಞೆಯನ್ನು ಕೆಡಿಸಲು ಹೊರಗಿನ ವಿಷವೂ ಅಲ್ಪವಾಗಿದ್ದರೆ ಸಾಕು.

ಅಗ್ನಿಗೆ ಪಾವಕನೆಂಬ ಹೆಸರುಂಟು. ಸುಟ್ಟುದೆಲ್ಲವೂ ಶುದ್ಧವಾಯಿತೆಂದು ಜನರು ನಂಬುವುದೂ ಉಂಟು. ಸೌದೆಯ ಹೊಗೆಯೇ ನಿರ್ದೋಷವಲ್ಲ; ಪೂರ್ತಿಯಾಗಿ ಉರಿಯದ ಕಟ್ಟಿಗೆಯಿಂದ ಬೆಂಜೊಪೈರೀನ್ ಮೊದಲಾದುವು ಹುಟ್ಟುತ್ತವೆ. ಮನೆಗಸದಲ್ಲಿಯಾದರೋ ಕ್ಲೋರೀನನ್ನೊಳಗೊಂಡ ಪಿ.ವಿ.ಸಿ. ಪ್ಲಾಸ್ಟಿಕ್ ಸೇರಿರುತ್ತದೆ. ಮಂದವಾದ ಉರಿಯ ಹೊಗೆಯು 200ರಿಂದ 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವಾಗ ಡಯಾಕ್ಸಿನ್‌ಗಳು ಉಂಟಾಗುತ್ತವೆ; ತಾಮ್ರದ ಅಂಶವು ಇದಕ್ಕೆ ಸಹಕಾರಿ. ಇವು ಜೀವಕೋಶದ ಒಂದು ಗ್ರಾಹಕಕ್ಕೆ ಅಂಟಿಕೊಂಡು, ಸ್ತ್ರೀತ್ವಕಾರಕವಾದ ಈಸ್ಟ್ರೊಜೆನ್ನಿನ ಕಾರ್ಯವನ್ನೂ ಥೈರಾಯ್ಡ್ ಸ್ರಾವದ ಸಮತೆಯನ್ನೂ ಕೆಡಿಸಬಲ್ಲುವು.

ಇದರ ಪರಿಮಾಣವನ್ನು ಅಮೆರಿಕದಲ್ಲಿ ಅಳೆದಿದ್ದಾರೆ. ಪೀಪಾಯಿಯಲ್ಲಿ ದಿನವೂ ಕಸವನ್ನು ಸುಡುವ ಕೆಲವೇ ಮನೆಗಳ ಡಯಾಕ್ಸಿನ್, ದಿನಕ್ಕೆ 200 ಟನ್ ಕಸವನ್ನು ದಹಿಸುವ ಸುಸಜ್ಜಿತವಾದ ನಗರದ ಕುಲುಮೆಯದಕ್ಕೆ ಸಮನಾಗಬಹುದೆಂದು 2000ದಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಈ ವಿಷವು ಮನುಷ್ಯನನ್ನು ಸೇರುವುದು ಮುಖ್ಯವಾಗಿ ಉಸಿರಿನಿಂದಲ್ಲ, ಆಹಾರದಿಂದ. ಹೊಗೆಯ ಕಣಗಳು ಹುಲ್ಲಿನ ಮೇಲೆ ಇಳಿಯುತ್ತವೆ. ಹುಲ್ಲನ್ನು ಮೇದ ಹಸುವಿನ ಹಾಲಿನ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತವೆ. ಹೊಗೆಯು ಆರಿದ ಬಹುಕಾಲದ ಮೇಲೆ, ಕಸವನ್ನು ಸುಡದವನ ಮನೆಗೂ ಅದು ಹೀಗೆ ಬರುತ್ತದೆ. ದೇಹವನ್ನು ಹೊಕ್ಕ ಅತ್ಯುಗ್ರವಾದ ಡಯಾಕ್ಸಿನ್ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷಗಳು ಹಿಡಿಯುತ್ತವೆ. ತಾಯಿಯಿಂದ ಅದು ಮೊಲೆವಾಲಿನಲ್ಲಿ ಶಿಶುವಿಗೂ ಇಳಿಯುತ್ತದೆ.

ಇದರಿಂದ ಮೊಲೆವಾಲನ್ನು ಬಿಡಿಸಬೇಕೆಂದು ಸಿದ್ಧವಾಗದು. ವೈದ್ಯರು ಶಿಶುವಿಗೆ ಅದನ್ನೇ ಶ್ರೇಷ್ಠವೆಂದು ಹೇಳುತ್ತಾರೆ. ಬಿಡಬೇಕಾದುದು ಕಸಕ್ಕೆ ಬೆಂಕಿಯಿಡುವ ಅಭ್ಯಾಸವನ್ನು. 2001ರ ಸ್ಟಾಕ್‌ಹೋಮ್ ಒಪ್ಪಂದವು ಬಯಲಿನ ಕಸದಹನವನ್ನು ಡಯಾಕ್ಸಿನ್ನಿನ ಮೂಲಗಳಲ್ಲಿ ಎಣಿಸಿದೆ. ಭಾರತದ 2016ರ ಘನತ್ಯಾಜ್ಯ ನಿಯಮಗಳು ಅದನ್ನು ನಿಷೇಧಿಸಿದುವು. ತರಗೆಲೆಯ ಕಾಲದ ಅಭ್ಯಾಸವು ಪ್ಲಾಸ್ಟಿಕ್ಕಿನ ಕಾಲಕ್ಕೂ ಉಳಿದುಬಂದಿದೆ; ಇಂಧನವು ಮಾತ್ರ ಬದಲಾಗಿದೆ.